ಕೊನೆತನಕ ನೋಡ್ರಿ, ರಾಧಾಮಣಿ!

"ನನ್ನ ಗಾಯ ಎಲ್ಲೈತ್ರಿ?"

ಅಟ್ಟೂರಿನ ಅಂಜನಾ ಸ್ಟುಡಿಯೋದ ಗಾಜಿನ ಮೇಜಿನ ಮೇಲೆ ಎಂಟು ಪಾಸ್‌ಪೋರ್ಟ್ ಸೈಜ್ ಫೋಟೋಗಳು ಪಟಪಟನೆ ಬಿದ್ದವು. ಎದುರಿಗೆ ನಿಂತಿದ್ದ ಯುವಕನ ಮುಖ ಕೋಪದಿಂದ ಕೆಂಪಾಗಿತ್ತು.

ರಾಧಾಮಣಿ ಬೆಚ್ಚಿ ಕುರ್ಚಿಯಿಂದ ಎದ್ದಳು. ಫೋಟೋ ನೋಡಿದಳು. ಆಮೇಲೆ ಮುಖ ನೋಡಿದಳು. ಎಡ ಹುಬ್ಬಿನ ಮೇಲೆ ಅರ್ಧ ಬೆರಳುದ್ದದ ಹಳೆಯ ಗಾಯದ ಗುರುತು! ಫೋಟೋದಲ್ಲಿ ಮಾತ್ರ ಆ ಜಾಗ ಆಗತಾನೇ ಸಾರಿಸಿದ ಅಂಗಳದಂತೆ ನುಣ್ಣಗಿತ್ತು.

"ಅದು… ಚೆನ್ನಾಗ್ ಕಾಣ್ಲಿ ಅಂತ ನಾನೇ ತೆಗ್ದೆ ಸಾರ್!"

"ಚಂದ ಮಾಡ್ರಿ ಅಂತ ನಾ ಕೇಳಿದ್ನೇನ್ರೀ? ಅರ್ಜಿಯೊಳಗ ಗುರುತಿನ ಚಿಹ್ನೆ ಎಡ ಹುಬ್ಬಿನ ಮ್ಯಾಲಿನ ಗಾಯ ಅಂತ ಬರದೀನಿ. ಫೋಟೋದಾಗ ಗಾಯನ ಇಲ್ಲ! ವಾಪಸ್ ಕಳಿಸಿದ್ರು. ಅದು ಹೋಗ್ಲಿ, ಊರಾಗ ನಮ್ಮವ್ವಗ ವಾಟ್ಸಾಪ್ ಮಾಡಿದ್ನಿ. 'ಹುಡುಗ ಚಂದ ಅದಾನ, ಯಾರ ಮಗನಲೇ ಇವ?' ಅಂತ ನನ್ನನ್ನ ಕೇಳಿದಳು!"

ರಾಧಾಮಣಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದಳು. ನಗುವ ಹೊತ್ತೇ ಅದು? ಅವಳ ಕುರ್ಚಿಗೇ ಸಂಚಕಾರ ಬಂದಿತ್ತು!

ಅವಳ ಅಪ್ಪ ದಾಸಪ್ಪನವರು ಮೂವತ್ತು ವರ್ಷದಿಂದ ಕ್ಯಾಮೆರಾ ಹಿಡಿದವರು. ಕಂಪ್ಯೂಟರ್ ಎಂದರೆ ಅವರಿಗೆ ಅಲರ್ಜಿ. ಮಗಳು ಆರು ತಿಂಗಳು ಗೋಗರೆದ ಮೇಲೆ, ಹದಿನೈದು ದಿನದ ಹಿಂದೆಯಷ್ಟೇ ಎಡಿಟಿಂಗ್ ಕೆಲಸವನ್ನು ಅವಳಿಗೆ ಬಿಟ್ಟಿದ್ದರು. ಅದಕ್ಕೂ ಒಂದು ಷರತ್ತು. "ಒಂದೇ ಒಂದು ಕಂಪ್ಲೇಂಟ್ ಬಂದ್ರೂ ಮೌಸು ಕೆಳಗಿಟ್ಬುಟ್ಟು ಕತ್ರಿ ಇಡ್ಕೋಬೇಕು" ಎಂದಿದ್ದರು. ಹತ್ತು ವರ್ಷದಿಂದ ಅಂಚು ಕತ್ತರಿಸಿ, ಲ್ಯಾಮಿನೇಷನ್ ಮಾಡಿ ರಾಧಾಮಣಿಯ ಕೈ ಜಡ್ಡುಗಟ್ಟಿತ್ತು. ಮತ್ತೆ ಆ ಕತ್ತರಿಯೇ?

"ಸಾರ್, ಸ್ವಲ್ಪ ಮೆಲ್ಲಗೆ… ಅಪ್ಪ ಎದುರುಗಡೆ ಕಟಿಂಗ್ ಶಾಪಲ್ಲಿದ್ದಾರೆ!"

"ಯಾರ್ ಕಲಿಸಿದ್ರು ನಿಮಗ ಇದನ್ನ?"

"ಯೂಟ್ಯೂಬಲ್ಲಿ 'ಬಣ್ಣದ ಪಾಠ' ಅಂತ ಚಾನೆಲ್ ಇದೆ. ಮೇಷ್ಟ್ರು ಮುಖ ತೋರ್ಸಲ್ಲ, ಬರೀ ಧ್ವನಿ. ಎಷ್ಟ್ ಚೆನ್ನಾಗ್ ಹೇಳ್ಕೊಡ್ತಾರೆ ಗೊತ್ತಾ! ಮುಖದ ಕಲೆ ತೆಗೆಯೋದನ್ನ ಅವ್ರೇ ತೋರ್ಸಿದ್ದು. ಬೈಯೋದಿದ್ರೆ ಅವ್ರನ್ನ ಬೈಯಿರಿ!"

ಯುವಕನ ಬಾಯಿ ತೆರೆದುಕೊಂಡಿತು. ಹಾಗೆಯೇ ಮುಚ್ಚಿಕೊಂಡಿತು.

"ಆ ಪಾಠ… ಕೊನೆತನಕ ನೋಡೀರೇನು?"

"ಅಯ್ಯೋ, ಕೊನೇಲಿ ಏನಿರತ್ತೆ? ಲೈಕ್ ಮಾಡಿ, ಶೇರ್ ಮಾಡಿ ಅಂತಾರೆ, ಅಷ್ಟೇ. ಡೇಟಾ ದಂಡ. ನಾನ್ ಅರ್ಧಕ್ಕೇ ಬಂದ್ ಮಾಡ್ಬಿಡ್ತೀನಿ."

ಅವನು ಇದ್ದಕ್ಕಿದ್ದಂತೆ ನಗತೊಡಗಿದ. ಅಷ್ಟರಲ್ಲಿ ದಾಸಪ್ಪ ಒಳಗೆ ಬಂದರು.

"ಏನ್ ಸಮಾಚಾರ?"

ರಾಧಾಮಣಿ ಮೂಲೆಯ ಕತ್ತರಿಯತ್ತ ನೋಡಿದಳು. 'ಮುಗೀತು ನನ್ನ ಕಥೆ…'

"ಫೋಟೋ ಭಾಳ ಚಲೋ ಬಂದಾವ್ರಿ. ಇನ್ನೊಂದು ಎಂಟು ಬೇಕಾಗಿತ್ತು" ಎಂದ ಅವನು, ಮೇಜಿನ ಮೇಲಿನ ಫೋಟೋಗಳನ್ನು ಸದ್ದಿಲ್ಲದೆ ಜೇಬಿಗೆ ಸೇರಿಸುತ್ತಾ.

ಆ ರಾತ್ರಿ ರಾಧಾಮಣಿ ಮೊದಲ ಸಲ ಆ ಪಾಠದ ಕೊನೆಯ ನಿಮಿಷ ನೋಡಿದಳು. "ಸ್ನೇಹಿತರೇ, ಮೊಡವೆಗಳನ್ನು ಅಳಿಸಿ. ಆದರೆ ಮಚ್ಚೆ, ಗಾಯದ ಗುರುತುಗಳನ್ನು ದಯವಿಟ್ಟು ಅಳಿಸಬೇಡಿ. ಅವು ಆ ಮನುಷ್ಯನ ಸ್ವಂತ ಆಸ್ತಿ" ಎನ್ನುತ್ತಿತ್ತು ಮೇಷ್ಟರ ಧ್ವನಿ. ಅವಳು ನಾಲಿಗೆ ಕಚ್ಚಿಕೊಂಡಳು.

ಹಾಗಾದರೆ ಬುದ್ಧಿ ಕಲಿತಳೇ? ಇಲ್ಲ ಬಿಡಿ. ನಮ್ಮ ಹುಡುಗಿಗೆ ಅಷ್ಟು ಬೇಗ ಬುದ್ಧಿ ಬಂದಿದ್ದರೆ ನಾನು ಇಷ್ಟು ದೂರ ಬರೆಯಬೇಕಾಗಿರಲಿಲ್ಲ!

ಇನ್ನೊಂದು ಗುಟ್ಟು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆ ಮೇಷ್ಟರು ಬೇರೆ ಯಾರೂ ಅಲ್ಲ, ಗಾಯ ಕಳೆದುಕೊಂಡವನೇ!

ಅವನ ಹೆಸರು ವಿಜಯಕುಮಾರ. ಗದಗದ ಕಡೆಯವನು. ಚಿಕ್ಕಬಾಣಾವರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ. ಅಟ್ಟೂರಿನಲ್ಲೊಂದು ಬಾಡಿಗೆ ಕೋಣೆ. ಚಾನೆಲ್ ಶುರು ಮಾಡಿದ ಹೊಸದರಲ್ಲಿ ಅವನ ಮಾತಿನ ಧಾಟಿಯನ್ನು ಯಾರೋ ಕಾಮೆಂಟಿನಲ್ಲಿ ಆಡಿಕೊಂಡಿದ್ದರು. ಅಂದಿನಿಂದ ಪಾಠದಲ್ಲಿ ಪುಸ್ತಕದ ಕನ್ನಡವನ್ನೇ, ಗಂಟಲು ಬಿಗಿಹಿಡಿದು ಓದುತ್ತಿದ್ದ. ಹೀಗಾಗಿ ರಾಧಾಮಣಿಗೆ ಧ್ವನಿ ಗುರುತು ಹತ್ತಲಿಲ್ಲ.

ಫೋಟೋ ಜಗಳದ ದಿನದಿಂದ ಅವನು ಪ್ರತಿ ಶನಿವಾರ ಸ್ಟುಡಿಯೋಗೆ ಬರತೊಡಗಿದ. ಒಂದು ವಾರ ಜೆರಾಕ್ಸ್, ಇನ್ನೊಂದು ವಾರ ಲ್ಯಾಮಿನೇಷನ್. ಮೂರು ತಿಂಗಳಲ್ಲಿ ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಾಲ್ಕು ಸಲ ಜೆರಾಕ್ಸ್ ಆಗಿತ್ತು! ರಾಧಾಮಣಿಯೂ ಶನಿವಾರ ಬಂತೆಂದರೆ ಬೆಳಿಗ್ಗೆಯಿಂದಲೇ ಬಾಗಿಲು ನೋಡುತ್ತಿದ್ದಳು. ಯಾಕೆಂದು ಮಾತ್ರ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಒಂದು ದಿನ ಪುಟ್ಟೇನಹಳ್ಳಿಯಿಂದ ಮುನಿಶಾಮಮ್ಮ ಎಂಬ ಮುದುಕಿ ಬಂದರು. ಸೆರಗಿನ ಗಂಟು ಬಿಚ್ಚಿ, ಸವೆದ ಗುರುತಿನ ಚೀಟಿಯಿಂದ ಕಿತ್ತ ಒಂದು ಪುಟ್ಟ ಫೋಟೋ ಮೇಜಿನ ಮೇಲಿಟ್ಟರು.

"ನಮ್ಮ ಯಜಮಾನ್ರು. ಓಗಿ ಮೂವತ್ತೊರ್ಸ ಆಯ್ತು. ನಾವಿಬ್ರೂ ಒಟ್ಗೆ ಒಂದು ಪೋಟನೂ ತೆಗೆಸ್ಲಿಲ್ಲ ಕಣವ್ವ. ನನ್ನ ಅವ್ರ ಪಕ್ಕ ಕೂರಿಸ್ಕೊಡ್ತೀಯಾ? ನನ್ನ ಮುಖದ ಸುಕ್ಕು ಅಂಗೇ ಇರ್ಲಿ. ಇಲ್ದಿದ್ರೆ ಅವ್ರಿಗೆ ಗುರುತು ಸಿಕ್ಕಾಕಿಲ್ಲ."

ರಾಧಾಮಣಿಯ ಕಣ್ಣು ತುಂಬಿತು. ಆದರೆ ಎಷ್ಟು ಒದ್ದಾಡಿದರೂ ಇಬ್ಬರೂ ಒಂದೇ ಕಡೆ ಕೂತಂತೆ ಕಾಣಲೇ ಇಲ್ಲ. ಅಂಟಿಸಿದ್ದು ಅಂಟಿಸಿದಂತೆಯೇ ಕಾಣುತ್ತಿತ್ತು. ಶನಿವಾರ ವಿಜಯಕುಮಾರನ ಮುಂದೆ ಗೋಳು ತೋಡಿಕೊಂಡಳು. ಅವನು ಪರದೆಯನ್ನು ಒಂದು ಕ್ಷಣ ದಿಟ್ಟಿಸಿದ.

"ಯಜಮಾನ್ರ ಮುಖಕ್ಕ ಬಲಕಿಂದ ಬೆಳಕು ಬಿದ್ದೈತಿ. ಅಮ್ಮಂದು ಎಡಕಿಂದ. ಎರಡು ಸೂರ್ಯ ಹುಟ್ಟಿದಂಗ ಆಗೈತ್ರಿ."

"ನಿಮ್ಗೆ ಹೆಂಗ್ ಗೊತ್ತಾಯ್ತು?"

"ಸುಮ್ಮ… ಅಂದಾಜಿನ ಮ್ಯಾಲೆ."

ಎರಡೇ ದಿನದಲ್ಲಿ 'ಬಣ್ಣದ ಪಾಠ'ದಲ್ಲಿ ಹೊಸ ವಿಡಿಯೋ ಬಂತು. ಎರಡು ಫೋಟೋಗಳನ್ನು ಒಂದೇ ಬೆಳಕಿಗೆ ತರುವುದು ಹೇಗೆ! ರಾಧಾಮಣಿ ಕುಣಿದಾಡಿದಳು. ಹೊಸದಾಗಿ ಮುನಿಶಾಮಮ್ಮನನ್ನು ಕೂರಿಸಿ, ಬಲಗಡೆಯಿಂದ ಲೈಟು ಹಾಕಿ ತಾನೇ ಫೋಟೋ ತೆಗೆದಳು. ಯಜಮಾನರ ಭುಜದ ನೆರಳನ್ನು ಹೆಂಡತಿಯ ಸೆರಗಿನ ಮೇಲೆ ಮೆಲ್ಲಗೆ ಮೂಡಿಸಿದಳು. ಚಿತ್ರ ಕೈಗೆ ಕೊಟ್ಟಾಗ ಮುನಿಶಾಮಮ್ಮ, ಫೋಟೋದಲ್ಲಿದ್ದ ಗಂಡನ ಅಂಗಿಯ ಗುಂಡಿಯನ್ನು ಬೆರಳಿನಿಂದ ಸವರುತ್ತಾ ಕೂತುಬಿಟ್ಟರು.

"ನನ್ನ ಮನಸ್ಸಲ್ಲಿರೋದು ಮೇಷ್ಟ್ರಿಗೆ ಹೆಂಗೋ ಗೊತ್ತಾಗ್ಬಿಡತ್ತೆ ಕಣ್ರೀ! ನಿಜ ಹೇಳ್ಲಾ? ನಂಗೆ ಅವ್ರ ಮೇಲೆ ಚೂರು ಲವ್ವೂ ಇದೆ!" ಎಂದು ಮುಂದಿನ ಶನಿವಾರ ಅವನಿಗೇ ಹೇಳಿ ನಕ್ಕಳು.

ಪಾಪ, ವಿಜಯಕುಮಾರ! ತನ್ನ ಮೇಲೆ ತಾನೇ ಹೊಟ್ಟೆಕಿಚ್ಚುಪಡುವ ಗತಿ ಯಾವ ಗಂಡಸಿಗೂ ಬಾರದಿರಲಿ.

ಅದಾದ ಮುಂದಿನ ಶನಿವಾರವೇ ಎಡವಟ್ಟಾಯಿತು.

'ಸ್ಟುಡಿಯೋದವರು ಮಾಡುವ ದೊಡ್ಡ ತಪ್ಪು' ಎಂಬ ಹೊಸ ಪಾಠ. ರಾಧಾಮಣಿ ಉತ್ಸಾಹದಿಂದ ತೆರೆದಳು. ಪರದೆಯ ಮೇಲೆ ಮೂಡಿದ್ದು ಅದೇ ಫೋಟೋ! ಗಾಯವಿಲ್ಲದ, ನುಣ್ಣನೆ ಹುಬ್ಬಿನ ವಿಜಯಕುಮಾರ!

"ಸ್ನೇಹಿತರೇ, ಇದು ನನ್ನದೇ ಭಾವಚಿತ್ರ. ಇದನ್ನು ಹೀಗೆ ಕೆಡಿಸಿದವರು ನನ್ನ ಪಾಠ ನೋಡಿಯೇ ಕಲಿತವರು…"

ನನ್ನದೇ ಭಾವಚಿತ್ರ?

ರಾಧಾಮಣಿಯ ಕೈ ಮೌಸಿನ ಮೇಲೆಯೇ ಮರಗಟ್ಟಿತು. ಅಂದರೆ… ಮೇಷ್ಟರು ಇವನೇ! ಮೂರು ತಿಂಗಳಿಂದ ಎದುರಿಗೇ ಕೂತು, ತನ್ನ ಪೆದ್ದುತನವನ್ನೆಲ್ಲ ಕೇಳಿಸಿಕೊಂಡು, ಈಗ ಊರಿಗೆಲ್ಲ ತೋರಿಸಿ ನಗುತ್ತಿದ್ದಾನೆ! 'ಲವ್ವೂ ಇದೆ ಅಂತ ಬೇರೆ ಅಂದ್ಬಿಟ್ನಲ್ಲ…' ಕಿವಿ ಬಿಸಿಯಾಯಿತು. ಕಣ್ಣು ಮಂಜಾಯಿತು. ವಿಡಿಯೋ ಬಂದ್ ಮಾಡಿದಳು.

ಅರ್ಧಕ್ಕೇ!

ಸಂಜೆ ಅವನು ಬಂದ. ಕೈಯಲ್ಲಿ ಮನೆಯಿಂದ ಬಂದಿದ್ದ ಕರದಂಟಿನ ಪೊಟ್ಟಣ. ಮುಖದ ತುಂಬ ನಗು.

"ಹೊಸ ಪಾಠ ನೋಡಿದ್ರೇನು?"

"ನೋಡ್ದೆ ಮೇಷ್ಟ್ರೇ. ನನ್ನ ನೋಡಿ ಒಳಗೊಳಗೇ ಎಷ್ಟ್ ನಕ್ಕಿರ್ಬೇಕಲ್ವಾ ನೀವು?"

ಅವನ ನಗು ಮಾಯವಾಯಿತು. "ಕೊನೆತನಕ…"

"ಅರ್ಧ ಸಾಕು! ಇನ್ಮೇಲೆ ಇಲ್ಲಿಗ್ ಬರ್ಬೇಡಿ. ಜೆರಾಕ್ಸ್ ಬೇರೆ ಅಂಗಡೀಲೂ ಮಾಡ್ತಾರೆ."

"ಒಮ್ಮೆನರ ಕೊನೆತನಕ ನೋಡ್ರಿ, ರಾಧಾಮಣಿ" ಎಂದ ಅವನು ತಗ್ಗಿದ ದನಿಯಲ್ಲಿ. ಅವಳು ಮುಖ ತಿರುಗಿಸಿಕೊಂಡಳು. ಅವನು ಕರದಂಟನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಮುಂದಿನ ಶನಿವಾರ ಅವನು ಬರಲಿಲ್ಲ. ಬರಬೇಡ ಎಂದವಳು ತಾನೇ. ಆದರೂ ಎಷ್ಟು ಸಲ ಬಾಗಿಲು ನೋಡಿದಳೋ, ಲೆಕ್ಕವಿಲ್ಲ. ಬಾಯಲ್ಲಿ ಕೋಪ, ಕಣ್ಣಲ್ಲಿ ಕಾಯುವಿಕೆ… ಇದಕ್ಕೇನು ಹೆಸರು ಎಂದು ನಾನು ಬೇರೆ ಹೇಳಬೇಕೇ?

ಭಾನುವಾರ ಬೆಳಿಗ್ಗೆ ದಾಸಪ್ಪ ಫೋನ್ ಹಿಡಿದು ಅವಳ ಪಕ್ಕ ಬಂದು ಕೂತರು.

"ಮಗ, ಕಂಪ್ಲೇಂಟ್ ಬಂದೈತೆ."

ಅವಳ ಜೀವ ಬಾಯಿಗೆ ಬಂತು. "ಯಾರಪ್ಪ?"

"ನಾನೇ ಕಣವ್ವ. ಓದ್ ಸನಿವಾರ ಒಳಗಿಂದ ಎಲ್ಲಾ ಕೇಳಿಸ್ಕಂಡೆ. ಮನೆ ಬಾಗ್ಲಿಗೆ ಬಂದೋನ್ನ ಪೂರ್ತಿ ಮಾತೂ ಕೇಳ್ದೆ ಕಳ್ಸಿದೀಯಲ್ಲ, ಇಂಗಾ ಮಾಡೋದು? ಅವತ್ತು ಆ ವುಡ್ಗ ಪೋಟ ಬಿಸಾಕಿದ್ದು, ಆಮೇಲೆ ಜೇಬಿಗ್ ಆಕ್ಕೊಂಡಿದ್ದು, ಎಲ್ಲಾನೂ ಕಟಿಂಗ್ ಶಾಪಿನ ಕನ್ನಡೀಲಿ ನೋಡ್ದೆ. ನಿನ್ನ ಉಳಿಸ್ದೋನು ನಿನ್ನ ನೋಡಿ ನಗ್ತಾನಾ? ತಗೋ, ಇದನ್ನ ನೋಡು. ಬಂದ್ ಮಾಡಿದ್ರೆ ಮೌಸು ಕಿತ್ಕತೀನಿ!"

ಅದೇ ಪಾಠ. ರಾಧಾಮಣಿ ಬಿಟ್ಟಲ್ಲಿಂದ ಮುಂದಕ್ಕೆ ಓಡಿತು. ಪುಸ್ತಕದ ಕನ್ನಡ ಸ್ವಲ್ಪ ಹೊತ್ತು ನಡೆದು, ತಟ್ಟನೆ ನಿಂತಿತು. ಪರದೆಯ ಮೇಲೆ ಮೊದಲ ಬಾರಿಗೆ ಮೇಷ್ಟರ ಮುಖ ಬಂತು, ಗಾಯದ ಸಮೇತ!

"ತಪ್ಪು ಅವರದಲ್ಲರೀ, ನಂದು. ಮುಖ್ಯ ಮಾತನ್ನ ಕೊನೆಗಿಟ್ಟವ ನಾನು. ಅಷ್ಟ ಅಲ್ಲ, ಮಂದಿ ಗುರುತು ಅಳಿಸಬ್ಯಾಡ್ರಿ ಅಂತ ಪಾಠ ಹೇಳಿ, ನನ್ನ ಮಾತಿನ ಗುರುತನ್ನ ನಾನ ಅಳಿಸಿಕೊಂಡು ಕುಂತಿದ್ನಿ. ಇನ್ನ ಮ್ಯಾಲೆ ಹಿಂಗ ಮಾತಾಡಾಂವ. ಈಗ ಈ ಫೋಟೋ ನೋಡ್ರಿ. ಮಾಡಿದವರು ಅಟ್ಟೂರಿನ ಅಂಜನಾ ಸ್ಟುಡಿಯೋದ ರಾಧಾಮಣಿ. ಆ ಸೆರಗಿನ ಮ್ಯಾಲಿನ ನೆರಳು ಐತಲ್ರಿ, ಅದನ್ನ ನಾ ಕಲಿಸಿಲ್ಲ. ನನಗ ಬರೂದೂ ಇಲ್ಲ."

ಪರದೆಯ ಮೇಲೆ ಈಗ ಮುನಿಶಾಮಮ್ಮ ತಮ್ಮ ಮನೆಯ ಗೋಡೆಯ ಮುಂದೆ, ಆ ಫೋಟೋದ ಪಕ್ಕ ನಿಂತಿದ್ದರು. "ಮೂವತ್ತೊರ್ಸ ಆದ್ಮೇಲೆ ಯಜಮಾನ್ರ ಪಕ್ಕ ಕುಂತಿವ್ನಿ. ಆ ಮಗೀನ ಕೈ ತಣ್ಣಗಿರ್ಲಿ!"

ವಿಡಿಯೋ ಮುಗಿದಾಗ ರಾಧಾಮಣಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಳುತ್ತಲೇ ನಗುತ್ತಿದ್ದಳು.

"ಅನ್ನೊಂದು ಜನ ಫೋನ್ ಮಾಡವ್ರೆ, ಇಂಗೇ ಪೋಟ ಬೇಕು ಅಂತ" ಎಂದರು ದಾಸಪ್ಪ. "ಕೆಲ್ಸ ಆಮೇಲೆ ಮಾಡೀವಂತೆ. ಮೊದ್ಲು ಆ ವುಡ್ಗನ ಕೆಲ್ಸ ನೋಡು."

ಆ ಇಡೀ ದಿನ ರಾಧಾಮಣಿ ಕಂಪ್ಯೂಟರ್ ಮುಂದಿನಿಂದ ಏಳಲಿಲ್ಲ. ಸೋಮವಾರ ಮಧ್ಯಾಹ್ನ ಎರಡು ಬಸ್ಸು ಬದಲಾಯಿಸಿ ಚಿಕ್ಕಬಾಣಾವರದ ಕಾಲೇಜು ತಲುಪಿದಳು. ಊಟದ ವೇಳೆ. ಖಾಲಿ ಲ್ಯಾಬಿನಲ್ಲಿ ವಿಜಯಕುಮಾರ ಒಬ್ಬನೇ ಡಬ್ಬಿಯ ರೊಟ್ಟಿ ಮುರಿಯುತ್ತಿದ್ದ. ಅವಳನ್ನು ಕಂಡದ್ದೇ ಗಡಬಡಿಸಿ ಎದ್ದುನಿಂತ.

"ರಾಧಾಮಣಿ! ನೀವು… ಇಲ್ಲಿ!"

ಅವಳು ಒಂದು ಫೋಟೋ ಮುಂದಿಟ್ಟಳು.

ಅದರಲ್ಲಿ ವಿಜಯಕುಮಾರನಿದ್ದ. ಎಡ ಹುಬ್ಬಿನ ಮೇಲೆ ಗಾಯದ ಗುರುತು ಇದ್ದದ್ದು ಇದ್ದಂತೆಯೇ ಇತ್ತು. ಅವನ ಪಕ್ಕದಲ್ಲಿ ರಾಧಾಮಣಿ ಇದ್ದಳು.

"ತಪ್ಪಿದ್ರೆ ಹೇಳಿ ಮೇಷ್ಟ್ರೇ."

ಅವನು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಬೆಳಕು ಬರೋಬ್ಬರಿ ಐತಿ. ನೆರಳೂ ಚಲೋ ಬಂದೈತಿ. ಆದ್ರ…"

"ಆದ್ರೆ?"

"ಇಬ್ಬರ ನಡುವ ಜಾಗ ಜಾಸ್ತಿ ಆತ್ರಿ."

ರಾಧಾಮಣಿ ಮುಗುಳ್ನಗುತ್ತಾ ಒಂದು ಹೆಜ್ಜೆ ಹತ್ತಿರ ಬಂದಳು. "ನಂಗೆ ಯಾಕೆ ಹೇಳ್ಲಿಲ್ಲ, ಮೇಷ್ಟ್ರು ನೀವೇ ಅಂತ? ಹೇಳಿ. ಇವತ್ತು ಕೊನೆತನಕ ಕೇಳ್ತೀನಿ."

"ಹೇಳಬೇಕಂತನ ಪ್ರತಿ ಶನಿವಾರ ಬರ್ತಿದ್ನಿ. ನೀವು ಮೇಷ್ಟ್ರು ಮೇಷ್ಟ್ರು ಅಂತ ಅಷ್ಟು ಚಂದ ಹೇಳ್ತಿದ್ರಿ. 'ಅಯ್ಯೋ, ಇವನೇನಾ?' ಅಂತ ನಿಮ್ಮ ಮುಖ ಸಣ್ಣದಾದ್ರ ಏನ್ ಮಾಡ್ಲಿ ಅಂತ ಅಂಜಿಕಿ. ರಾಧಾಮಣಿ, ನನಗ ನಿಮ್ಮ ಮ್ಯಾಲೆ ಪ್ರೀತಿ ಆಗೇತ್ರಿ. ನನ್ನ ಗಾಯ ಅಳಿಸಿದ್ರಲ್ಲ, ಆ ದಿನದಿಂದನ."

"ಮುಗೀತಾ?"

"ಇಲ್ರೀ, ಇನ್ನೂ ಐತಿ. ತಡೀರಿ, ಇದನ್ನ ಮೊದಲು ಅವ್ವಗ ಕಳಸ್ತೀನಿ."

ಅವನು ಆ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ಊರಿಗೆ ಕಳಿಸಿದ. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಎರಡೇ ನಿಮಿಷ. ಅವನ ಅವ್ವ ಪಾರವ್ವನ ಧ್ವನಿ ಲ್ಯಾಬ್ ತುಂಬ ಮೊಳಗಿತು.

"ಈಗ ನನ್ನ ಮಗ ಕಂಡ ನೋಡಪಾ! ಅಲ್ಲೋ ವಿಜೂ, ಬಾಜೂಕ ಕುಂತಾಕಿ ಯಾರೋ?"

ವಿಜಯಕುಮಾರ ತಡವರಿಸಿದ. "ಏನಂತ ಹೇಳ್ಲಿ?"

ರಾಧಾಮಣಿ ಅವನ ಕೈಯಿಂದ ಮೊಬೈಲ್ ತೆಗೆದುಕೊಂಡಳು. ಮೈಕಿನ ಗುರುತು ಒತ್ತಿಹಿಡಿದಳು.

"ಅತ್ತೆ… ನಾನು ಅಟ್ಟೂರಿನ ರಾಧಾಮಣಿ. ನಿಮ್ಮ ಮಗನ ಗಾಯ ಅಳಿಸಿದ್ದು ನಾನೇ. ಇನ್ಮೇಲೆ ಅಳಿಸಲ್ಲ. ಜೋಪಾನವಾಗಿ ನೋಡ್ಕೋತೀನಿ."

ಮೊಬೈಲ್ ಕೆಳಗಿಟ್ಟು ತಲೆ ತಗ್ಗಿಸಿದಳು. ವಿಜಯಕುಮಾರನ ಕಣ್ಣಂಚು ಒದ್ದೆಯಾಗಿತ್ತು.

"ಇನ್ನೂ ಐತಿ ಅಂದ್ರಲ್ಲ, ಹೇಳಿ."

"ಉಳಿದಿದ್ದನ್ನ ನೀವ ಹೇಳಿಬಿಟ್ರಲ್ರೀ" ಎಂದ ಅವನು, ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಅವಳ ಮುಂದೆ ಹಿಡಿಯುತ್ತಾ.

ಅವಳು ತಲೆಯಾಡಿಸಿ ನಕ್ಕಳು. "ಅರ್ಧ ಬೇಡ. ಇನ್ಮೇಲೆ ನಂಗೆ ಎಲ್ಲಾ ಪೂರ್ತೀನೇ ಬೇಕು."