ಖಾಲಿ ಕುರ್ಚಿಯ ಎದುರು ಅತ್ತವನು

"ನಿಮ್ಮ ಗಂಡ ನಾನೇ!"

ಸಿಲ್ಕೆ ಬೆಚ್ಚಿ ಹಿಂದೆ ತಿರುಗಿದಳು. ಉದ್ದನೆಯ ಕೋಟು, ಕೆದರಿದ ಕೂದಲು, ತುಟಿಯಲ್ಲಿ ಸಂಕೋಚದ ನಗು...

ಗೋಡೆಯ ಮೇಲಿನ ಆಳೆತ್ತರದ ಫೋಟೊದಲ್ಲಿ, ಊಟದ ಮೇಜಿನ ಆಚೆ ಕೂತು ತುಂಬಿದ ಕಣ್ಣುಗಳಿಂದ ತನ್ನನ್ನು ನೋಡುತ್ತಿರುವವನು ಇವನೇ!

ಫೋಟೊದಲ್ಲಿ ಅವರು ಗಂಡ ಹೆಂಡತಿ. ನಿಜದಲ್ಲಿ ಭೇಟಿಯಾಗಿದ್ದು ಇದೇ ಮೊದಲು.

ಅದು ಯೋರಿಸ್‌ನ ಪದ್ಧತಿ. ಗೆಂಟ್ ನಗರದಲ್ಲಿ ಹೆಸರು ಮಾಡಿದ ಫೋಟೊಗ್ರಾಫರ್ ಅವನು. ಸಿನಿಮಾದವರ ಹಾಗೆ ಸೆಟ್ ಹಾಕಿ, ದೀಪ ಹೊಂದಿಸಿ, ಒಂದೊಂದು ಚಮಚವನ್ನೂ ತಾನೇ ಇಟ್ಟು ಫೋಟೊ ತೆಗೆಯುತ್ತಿದ್ದ. ಜೋಡಿಯನ್ನು ಮಾತ್ರ ಎಂದೂ ಒಟ್ಟಿಗೆ ಕೂರಿಸುತ್ತಿರಲಿಲ್ಲ. ಬೇರೆ ಬೇರೆ ದಿನ ತೆಗೆದು ಆಮೇಲೆ ಕೂಡಿಸುತ್ತಿದ್ದ. "ಪರಿಚಯ ಆದ್ರೆ ಮುಖದಲ್ಲಿ ದೂರ ಉಳಿಯಲ್ಲ" ಎನ್ನುತ್ತಿದ್ದ.

ಅವನ ಎಲ್ಲ ಫೋಟೊಗಳ ಹೆಣ್ಣು ಸಿಲ್ಕೆ. ಅವನ ಮನೆಯಲ್ಲೇ ಇರುವವಳು, ಅವನನ್ನು ಮದುವೆಯಾಗಲಿರುವವಳು. ಕಿಟಕಿಯ ಗಾಜಿನ ಹಿಂದೆ, ಮುಚ್ಚಿದ ಕಾರಿನೊಳಗೆ... ಈಚೆಗೆ ಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವಾಗಲೂ "ಅಲುಗಾಡಬೇಡ ಚಿನ್ನ, ಹಾಗೇ ಇರು" ಎನ್ನುತ್ತಿದ್ದ. ಅವಳು ಹಾಗೇ ಇರುತ್ತಿದ್ದಳು. ಅವನು ಬೈದವನಲ್ಲ, ಕೈ ಎತ್ತಿದವನಲ್ಲ. ಅದಕ್ಕೇ ತಪ್ಪಿಸಿಕೊಳ್ಳುವ ದಾರಿ ಎಲ್ಲಿದೆ ಎಂದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಇಂದು ಪ್ರದರ್ಶನದ ಮೊದಲ ದಿನ. ಅತಿಥಿಗಳೆದುರು ಅವನು ಮದುವೆಯ ದಿನವನ್ನು ಹೇಳುವವನಿದ್ದ. ಉಸಿರು ಕಟ್ಟಿದಂತಾಗಿ ಅವಳು ಈ ಕೋಣೆಗೆ ನುಸುಳಿ ಬಂದಿದ್ದಳು.

"ನಾನು ರೂಬೆನ್," ಎಂದ ಅವನು. "ಆರ್ಟ್ ಸ್ಕೂಲಲ್ಲಿ ಓದ್ತಿದೀನಿ. ಈ ಫೋಟೊ ಬಗ್ಗೆ ಕ್ಲಾಸಲ್ಲಿ ಮಾತಾಡ್ಬೇಕು. ಬೆಳಗ್ಗೆಯಿಂದ ನೋಡ್ತಾ ನಿಂತು ಕಾಲು ಮರಗಟ್ಟಿದೆ."

"ನಿಮ್ಮ ಮುಖಾನ ನೀವೇ ಬೆಳಗ್ಗೆಯಿಂದ ನೋಡಿದ್ರಾ? ಎಷ್ಟು ಜಂಬ!"

ಅವನು ಜೋರಾಗಿ ನಕ್ಕ. "ನನ್ನ ಮುಖ ಹಾಳಾಗ್ಲಿ ಬಿಡಿ. ಬೆಳಕು ನೋಡಿ! ಫೋಟೊದ ಅಡುಗೆಮನೇಲಿ ಒಂದು ದೀಪಾನೂ ಉರೀತಿಲ್ಲ. ಬೆಳಕೆಲ್ಲ ನಿಮ್ಮ ಬೆನ್ನ ಹಿಂದಿನ ಬಾಗಿಲಿಂದ ಬರ್ತಿದೆ. ಸೂಪು ಆರಿ ಕೆನೆಗಟ್ಟಿದೆ, ನಿಮ್ಮ ಕೈಲಿರೋ ಚಮಚ ಇನ್ನೂ ಒದ್ದೆನೇ ಆಗಿಲ್ಲ. ಒಂದೇ ಫೋಟೊದಲ್ಲಿ ಇಡೀ ಸಿನಿಮಾ!"

ಯಾರೂ ಅವಳೊಡನೆ ಹೀಗೆ ಮಾತಾಡಿರಲಿಲ್ಲ. ಎಷ್ಟೋ ದಿನದಿಂದ ಕೊರೆಯುತ್ತಿದ್ದ ಪ್ರಶ್ನೆ ಹೊರಬಂತು.

"ನೀವ್ಯಾಕೆ ಅಳ್ತಿದ್ರಿ? ನನ್ನ ನೋಡಿ ಅಯ್ಯೋ ಅನ್ನಿಸ್ತಾ?"

"ನಿಮ್ಮನ್ನ ನೋಡೇ ಇಲ್ವಲ್ಲ! ಎದುರಿಗಿದ್ದದ್ದು ಖಾಲಿ ಕುರ್ಚಿ. ಎಲ್ಲಿ ನೋಡ್ಬೇಕು ಅಂತ ಗುರುತಿಗೆ ಅದರ ಬೆನ್ನಿಗೆ ಒಂದು ತುಂಡು ಟೇಪು. 'ಹೆಂಡತಿ ಈಗಷ್ಟೇ ಎದ್ದು ಹೋದಳು. ಅವಳಾದ್ರೂ ಬಚಾವಾದ್ಲು ಅಂತ ಅಳು' ಅಂದ್ರು ಯೋರಿಸ್."

ಸಿಲ್ಕೆ ಫೋಟೊದ ಕಡೆ ತಿರುಗಿದಳು. "ನನಗೆ ಬೇರೆ ಹೇಳಿದ್ದ..."

"ಏನಂತ?"

"ಈ ಕುರ್ಚಿಯಿಂದ ನೀನು ಯಾವತ್ತೂ ಎದ್ದೇಳೋಕಾಗಲ್ಲ. ಅದನ್ನೊಂದೇ ಮನಸ್ಸಲ್ಲಿಟ್ಕೊ ಅಂತ."

ರೂಬೆನ್ ಮೆಲ್ಲಗೆ ಕೇಳಿದ, "ಆ ಮುಖ... ನಟನೆನಾ?"

ಹುಣ್ಣಿಗೆ ಕೈ ತಾಗಿದಂತಾಯಿತು. "ನಿಮ್ಮ ಕ್ಲಾಸಿಗೆ ಅದೂ ಬೇಕಾ? ಇನ್ನೊಂದು ಸಲ ನನ್ನ ಗೋಡೆಗೆ ನೇತುಹಾಕೋಕೆ ಬಂದ್ರಾ?"

"ಅಯ್ಯೋ, ಹಾಗಲ್ಲ ರೀ..."

ಅವಳು ಆಗಲೇ ಹೊರಟಿದ್ದಳು.

ಪ್ರದರ್ಶನದ ದೊಡ್ಡ ಹಾಲಿನ ತುಂಬ ಜನ. "ಬಂದ್ಲು ನೋಡಿ ನನ್ನ ಬೊಂಬೆ!" ಯೋರಿಸ್ ಕೈಚಾಚಿದ.

"ಇವಳಿಗೆ ಮಾತು ಬರುತ್ತೇನಪ್ಪಾ?" ಮುದುಕಿಯೊಬ್ಬಳು ಕಿಚಾಯಿಸಿದಳು.

"ಮಾತಾಡಿದ್ರೆ ಮುಖ ಕೆಡುತ್ತೆ ಮೇಡಂ!"

ಎಲ್ಲರೂ ನಕ್ಕರು. ಅವನು ಎರಡು ಬೆರಳಿಂದ ಅವಳ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದ. "ಹಾಂ, ಹೀಗೆ. ಎಲ್ಲರೂ ಕೇಳಿ, ನಮ್ಮ ಮದುವೆ..."

'ಅವಳಾದ್ರೂ ಬಚಾವಾದ್ಲು...' ಆ ತುಂಬಿದ ಕಣ್ಣುಗಳು ನೆನಪಾದವು. ಒಬ್ಬನ ಕಥೆಯಲ್ಲಾದರೂ ತಾನು ಎದ್ದು ಹೋಗಿ ಆಗಿತ್ತು!

"ಇಲ್ಲ."

"ಏನು ಚಿನ್ನ?"

"ನಾನು ನಿನ್ನನ್ನ ಮದುವೆ ಆಗಲ್ಲ ಯೋರಿಸ್."

"ಜನ ನೋಡ್ತಿದಾರೆ. ಸುಮ್ನೆ ಇಲ್ಲೇ ನಿಂತ್ಕೊ..."

"ನಿಲ್ಲಲ್ಲ!" ಅವನ ಬೆರಳುಗಳನ್ನು ಗಲ್ಲದಿಂದ ಕಿತ್ತು, ಜನರ ನಡುವೆ ದಾರಿ ಮಾಡಿಕೊಂಡು ಅವಳು ಹೊರಬಂದಳು.

ಎದುರಿನ ಹೊಳೆ ದಡದ ಕಲ್ಲುಮೆಟ್ಟಿಲ ಮೇಲೆ ರೂಬೆನ್ ತಲೆತಗ್ಗಿಸಿ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ನಾನು ಹಾಗೆ ಕೇಳಬಾರದಿತ್ತು. ಕ್ಲಾಸಲ್ಲಿ ಅದನ್ನ ಹೇಳಲ್ಲ, ದೇವರಾಣೆ."

"ಅವನನ್ನ ಬಿಟ್ಟು ಬಂದೆ," ಎಂದಳು. ಕಣ್ಣೀರು ಕಿತ್ತುಕೊಂಡು ಬಂತು. "ಆ ಮುಖ ನಟನೆ ಅಲ್ಲ."

ಅವನು ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟ. "ನಾನೂ ಒಂದು ನಿಜ ಹೇಳ್ಲಾ? ಬೆಳಗ್ಗೆಯಿಂದ ನೋಡಿದ್ದು ಬರೀ ಬೆಳಕನ್ನಲ್ಲ. ನಿಮ್ಮನ್ನ."

"ಫೋಟೊದವಳನ್ನ."

"ಹೌದು... ಅವಳನ್ನ."

"ಅವಳು ನಾನಲ್ಲ ರೂಬೆನ್. ನಾನು ಗೊರಕೆ ಹೊಡೀತೀನಿ. ಸಿಟ್ಟು ಬಂದ್ರೆ ಬೈತೀನಿ. ಅಂದ್ರೆ, ಇನ್ಮೇಲೆ ಬೈತೀನಿ! ನಾಳೆ ಎಲ್ಲಿರ್ತೀನೋ ಅದೂ ಗೊತ್ತಿಲ್ಲ."

"ಆಗಲೇ ಬೈದ್ರಲ್ಲ, ಗೋಡೆಗೆ ನೇತುಹಾಕೋಕೆ ಬಂದ್ರಾ ಅಂತ. ಫೋಟೊ ಮರೆತೇ ಹೋಯ್ತು ಆಗ." ಅವನ ಕಿವಿ ಕೆಂಪಾಗಿತ್ತು. "ಪ್ರೀತಿ ಅಂತ ಇಷ್ಟು ಬೇಗ ಹೇಳಬಾರದು. ಆದ್ರೆ ಹೇಳದೆ ಇರೋಕೂ ಆಗ್ತಿಲ್ಲ."

"ಹೇಳಿ ಆಯ್ತಲ್ಲ ಮಾರಾಯ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನನ್ನು ಕೂರಿಸಿ, ಭುಜದಿಂದ ತಳ್ಳಿದಳು. "ಜರುಗು. ನನಗೂ ಜಾಗ ಕೊಡು."

ಅವನು ಜರುಗಿದ. "ಎಷ್ಟು ಹೊತ್ತು ಕೂತಿರ್ತೀಯ?"

"ನನಗೆ ಬೇಕಾದಷ್ಟು ಹೊತ್ತು," ಎಂದು ಸಿಲ್ಕೆ ಅವನ ಭುಜಕ್ಕೆ ಒರಗಿದಳು.