ಗೋದಾವರಿಯ ಔಷಧ

“ಅಜ್ಜಿ, ಪ್ಲೀಸ್, ಅದನ್ನ ಬ್ಯಾಗಿನಾಗ ಇಡ್ರಿ,” ನಿಧಿ ಪಿಸುಗುಟ್ಟಿದಳು.

ಆದರೆ ಗಂಗವ್ವಜ್ಜಿ ಖಾಲಿ ಬಾಟಲಿಯನ್ನು ಫಾರ್ಮಸಿಯ ಕೌಂಟರ್ ಮೇಲೆ ಇಟ್ಟಾಗಿತ್ತು. ತೊಳೆದು, ಬಿಸಿಲಿಗೆ ಒಣಗಿಸಿದ ಗಾಜಿನ ಬಾಟಲಿ. ಮೊನ್ನೆಯವರೆಗೂ ಅದರಲ್ಲಿ ಕೇಕಿನ ವೆನಿಲ್ಲಾ ಇತ್ತು.

ಕೌಂಟರಿನ ಹುಡುಗಿ ಬಾಟಲಿಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ನಿಧಿಯ ಕೆಮ್ಮಿನ ಸಿರಪ್ ಆಗಲೇ ಕಾಗದದ ಚೀಲದಲ್ಲಿ ಸಿದ್ಧವಾಗಿತ್ತು.

ಹಿಂದೆ ಸಾಲಿನಲ್ಲಿ ಧ್ರುವ ನಿಂತಿದ್ದ. ನಿಧಿಯ ಕ್ಲಾಸಿನವನು.

“ನಿಮ್ಮಜ್ಜಿ ರೀಫಿಲ್ ಕೇಳ್ತಿದಾರಾ? ಸೋಡಾ ಥರ?”

ನಿಧಿಯ ಕಿವಿ ಬಿಸಿಯಾಯಿತು. ಮಿಸೌರಿ ಸಿಟಿಯ ಮನೆ ತಲುಪಿದ್ದೇ ತಡ, ಬಾಟಲಿಯನ್ನು ಗ್ಯಾರೇಜಿನ ರಿಸೈಕ್ಲಿಂಗ್ ಡಬ್ಬಿಗೆ ಎಸೆದಳು.

ಆಮೇಲೆ ನಾಳೆ ಕ್ಲಾಸಿನಲ್ಲಿ ಹೇಳಬೇಕಾದ ಇತಿಹಾಸದ ಪ್ರಾಜೆಕ್ಟ್ ಮುಂದೆ ಕುಳಿತಳು. ೧೮೮೩ರಲ್ಲಿ ಜರ್ಮನಿ ಒಂದು ಕಾನೂನು ಮಾಡಿತು. ಕಾರ್ಖಾನೆಯ ಕೆಲಸಗಾರರು ಸಂಬಳದಲ್ಲಿ ಸ್ವಲ್ಪ ಕೊಡಲೇಬೇಕು, ಮಾಲೀಕರೂ ಕೊಡಬೇಕು. ಯಾರಿಗೆ ಕಾಯಿಲೆಯಾದರೂ ಆ ಹಣದಿಂದ ಔಷಧ.

ಇಷ್ಟು ಸುಲಭ. ಆದರೆ ಪ್ರಾಕ್ಟೀಸ್ ದಿನ ಧ್ರುವ ಕೇಳಿದ್ದ: “ಜ್ವರಾನೇ ಬರದವರು ಯಾಕೆ ಕೊಡ್ಬೇಕು? ನಾಟ್ ಫೇರ್.” ನಿಧಿ ಬೆಬ್ಬೆಬ್ಬೆ ಎಂದಿದ್ದಳು. ನಾಳೆ ಎಲ್ಲರೆದುರು ಅವನು ಮತ್ತೆ ಕೇಳುವುದು ಖಂಡಿತ.

“ಅಜ್ಜಿ, ಜ್ವರ ಬರದವರೂ ಯಾಕ ರೊಕ್ಕ ಕೊಡ್ಬೇಕು, ನಿಮಗ ಗೊತ್ತೇನ್ರಿ?”

“ನನಗೂ ಸಿಟ್ಟು ಬರ್ತಿತ್ತವಾ,” ಅಜ್ಜಿ ನಕ್ಕಳು. ಅವಳು ಹುಬ್ಬಳ್ಳಿಯ ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದವಳು. “ಸಂಬಳ ಕೈಗೆ ಬರೂದ್ರಾಗ ಒಂದಿಷ್ಟು ಕಟ್. ಕಾರ್ಮಿಕರ ದವಾಖಾನಿಗೆ. ನಾನೋ ಕಲ್ಲುಗುಂಡಿನಂಗ ಇದ್ದೆ.”

“ಮತ್ತ?”

“ಬಾಜೂಕ ಗೋದಾವರಿ ಕೂಡ್ತಿದ್ಲು. ಹತ್ತಿ ಧೂಳಿಗೆ ಕೆಮ್ಮಿ ಕೆಮ್ಮಿ ಹಾಸಿಗಿ ಹಿಡಿದ್ಲು. ಆಕೀ ಔಷಧ ತರಾಕ ನಾ ಹೋದೆ. ಔಷಧ ಅವರದು, ಬಾಟ್ಲಿ ನಮ್ಮದು. ಕಂಪೌಂಡರ್ ಕೆಂಪು ಔಷಧ ತುಂಬಿ, ಕಾಗದಾನ ಹಲ್ಲುಹಲ್ಲಾಗಿ ಕತ್ತರಿಸಿ ಮ್ಯಾಲೆ ಅಂಟಿಸಾಂವ. ಒಂದು ಹಲ್ಲು, ಒಂದು ಡೋಸ್.”

ಅಜ್ಜಿ ಅಂಗೈಯನ್ನು ಬಾಟಲಿ ಹಿಡಿದಂತೆ ಬಾಗಿಸಿದಳು.

“ಹಾದಿ ತುಂಬ ಅದನ್ನ ನೋಡಕೋತ ಬಂದೆ. ಇದರಾಗ ನಂದೂ ಒಂದು ಗುಟುಕು ಐತಿ ಅನಿಸ್ತು. ಆಮ್ಯಾಲೆ ಸಿಟ್ಟು ಬರಲಿಲ್ಲ.”

“ಅವರು ಆರಾಮ ಆದ್ರಾ?”

“ಆದ್ಲು. ಆಗಿ ಏನಂದ್ಲು? ಭಾಳ ಕಹಿ ಇತ್ತು ಗಂಗಾ, ನಿನ್ನ ಗುಟುಕೇ ಇರಬೇಕು.”

ನಿಧಿ ಎದ್ದು ಗ್ಯಾರೇಜಿಗೆ ಓಡಿದಳು. ಅಜ್ಜಿ ಬಂದು ನೋಡಿದಾಗ ಮೊಮ್ಮಗಳ ತಲೆ ಡಬ್ಬಿಯೊಳಗೆ, ಕಾಲು ಗಾಳಿಯಲ್ಲಿ. ಅಜ್ಜಿ ಅವಳ ಟೀ-ಶರ್ಟ್ ಹಿಡಿದುಕೊಂಡಳು, ಬೀಳದಂತೆ.

ಮರುದಿನ ಕ್ಲಾಸಿನಲ್ಲಿ ಧ್ರುವ ಅದೇ ಪ್ರಶ್ನೆಗೆ ಕೈಯೆತ್ತಿಯೇ ಎತ್ತಿದ. ನಿಧಿ ಮೇಜಿನ ಮೇಲೆ ಬಾಟಲಿ ಇಟ್ಟಳು. ಒಳಗೆ ಕೆಂಪು ನೀರು. ಮೇಲೆ ಅಜ್ಜಿ ಕತ್ತರಿಸಿದ ಹಲ್ಲುಹಲ್ಲಿನ ಕಾಗದ.

ಅಜ್ಜಿಯ ಮಿಲ್ಲಿನ ಕಥೆ ಹೇಳಿ, “ಇದು ಗೋದಾವರಿ ಅಜ್ಜಿಯ ಔಷಧ, ಒಂದು ಹಲ್ಲು ಒಂದು ಡೋಸ್,” ಎಂದಳು. “ಇದರಲ್ಲಿ ನಮ್ಮಜ್ಜಿದೂ ಒಂದು ಗುಟುಕು ಇದೆ.”

ಧ್ರುವ ನಗಲಿಲ್ಲ. ಬಗ್ಗಿ ನೋಡಿ ಕೇಳಿದ, “ಯಾವ ಹಲ್ಲು ನಿಮ್ಮಜ್ಜಿದು?”

ಸಂಜೆ ನಿಧಿ ಬಾಟಲಿ ತೊಳೆದು ತನ್ನ ಲೋಟದ ಪಕ್ಕ ಬೋರಲು ಹಾಕಿದಳು.

“ಇಲ್ಲಿ ಯಾರೂ ತುಂಬಿ ಕೊಡೂದಿಲ್ಲಲ್ಲವಾ,” ಎಂದಳು ಅಜ್ಜಿ.

“ಇರಲ್ರಿ ಅಜ್ಜಿ. ಮುಂದಿನ ಸಲ ಫಾರ್ಮಸಿಗೆ ಬಾಟ್ಲಿ ನಾನು ಹಿಡ್ಕೋತೀನಿ.”