ಜ್ಯಾಕಿಗೆ ಡ್ರಿಲ್ ಕೂರಿಸಿದ ಮೇಲೆ

"ಇದನ್ನ ಬ್ಯಾಟರಿ ಡ್ರಿಲ್‌ನಲ್ಲಿ ತಿರುಗೋ ಹಾಗೆ ಮಾಡ್ಕೊಡ್ತೀರಾ?" ಎಂದು ನಾನು ಕೇಳಿದಾಗ ವೆಲ್ಡರ್ ಕೈಯಲ್ಲಿದ್ದ ಜ್ಯಾಕ್ ಹ್ಯಾಂಡಲ್ ಅಲ್ಲಿಗೇ ನಿಂತಿತು.

"ಯಾಕೆ, ನಾನು ತಿರುಗಿಸೋದು ಸರಿಯಿಲ್ವಾ?"

"ಸರಿಯಿದೆ. ಆದ್ರೂ."

"ಆದ್ರೂ ಅಂದ್ರೆ?"

"ಆದ್ರೂ ಅಂದ್ರೆ ಆದ್ರೂ."

ನನ್ನ ಬಾಯಿಯೇ ಹಾಗೆ. ಒಳಗೆ ಬುಟ್ಟಿ ತುಂಬ ಮಾತಿದ್ದರೂ ಹೊರಗೆ ಬೀಳುವುದು ಎರಡೇ ಪದ, ಅವೂ ಜಗಳಕ್ಕೆ ಬಂದವರ ಹಾಗೆ.

ನಾನು ನಾಯಿಗಳಿಗೆ ಸ್ನಾನ ಮಾಡಿಸುವವಳು. ಪುಟ್ಟ ಟ್ರೇಲರ್ ಒಳಗೆ ತೊಟ್ಟಿ, ಬಿಸಿನೀರು, ಡ್ರೈಯರ್, ಎಲ್ಲ ಇದೆ. ಬೆಳಿಗ್ಗೆ ಅದನ್ನು ಕಾರಿಗೆ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತೇನೆ, ಸಂಜೆ ತಂದು ವೆಲ್ಡರ್ ಶೆಡ್ಡಿನ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸುತ್ತೇನೆ. ನೀರಿನ ಟ್ಯಾಂಕ್ ಮುಂದುಗಡೆಯೇ ಇರುವುದರಿಂದ ಟ್ರೇಲರ್‌ನ ಮೂತಿ ಯಮಭಾರ. ಅದನ್ನು ಎತ್ತಿ ಕಾರಿನ ಕೊಂಡಿಯ ಮೇಲೆ ಕೂರಿಸಬೇಕಾದರೆ ಮೂತಿಯ ಹತ್ತಿರ ಇರುವ ಜ್ಯಾಕನ್ನು ತಿರುಗಿಸುತ್ತಲೇ ಇರಬೇಕು. ತಿರುಗಿಸಿ ತಿರುಗಿಸಿ ನನ್ನ ಬಲಭುಜ ಹಿಡಿದುಕೊಂಡಾಗ ಪಕ್ಕದ ಶೆಡ್ಡಿನಿಂದ ಈ ಮನುಷ್ಯ ಬಂದು, "ಬಿಡಿ ಮೇಡಂ, ನಾನಿದ್ದೀನಲ್ಲ" ಎಂದರು. ಅವತ್ತಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಪ್ಪದೆ ಬರುತ್ತಿದ್ದರು.

ಅವರು ಹ್ಯಾಂಡಲ್ ತಿರುಗಿಸುವಾಗ ನಾನು ಟ್ರೇಲರ್‌ಗೆ ಒರಗಿ ನಿಲ್ಲುತ್ತಿದ್ದೆ. ಅಂಗಿಯ ತೋಳು ಮಡಚಿದ ಆ ಕೈ. ಹಣೆಗೆ ಬಿದ್ದ ಕೂದಲನ್ನು ಕೆಳತುಟಿಯಿಂದ ಊದಿ ಸರಿಸುವ ಆ ರೀತಿ. ನಡುವೆ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, ನೋಡಲೇ ಇಲ್ಲವೇನೋ ಎಂಬಂತೆ ಮತ್ತೆ ಜ್ಯಾಕನ್ನೇ ನೋಡುವುದು. ಸುತ್ತಿಬಳಸಿ ಏನು ಹೇಳಲಿ, ನನಗೆ ಅವರ ಮೇಲೆ ಮನಸ್ಸಾಗಿತ್ತು. ಚೆನ್ನಾಗಿಯೇ ಆಗಿತ್ತು.

ತೊಂದರೆಯೇನೆಂದರೆ, ಅವರು "ನಾನಿದ್ದೀನಲ್ಲ" ಎನ್ನುವುದು ನನಗೊಬ್ಬಳಿಗೇ ಅಲ್ಲ. ಬೇಕರಿಯವರ ಶಟರ್ ಸಿಕ್ಕಿಕೊಂಡರೂ ಅದೇ ಮಾತು, ಎದುರುಮನೆ ಅಜ್ಜಿಯ ಗೇಟು ಜೋತುಬಿದ್ದರೂ ಅದೇ ಮಾತು. ಊರಿಗೆಲ್ಲ ಉಪಕಾರಿ. ನನ್ನ ಬಳಿ ಬರುವುದೂ ಅದೇ ಲೆಕ್ಕದಲ್ಲೋ, ಬೇರೆ ಲೆಕ್ಕದಲ್ಲೋ? ಕೆಲಸವೇ ಇಲ್ಲದಿದ್ದರೂ ಬರುತ್ತಾರೋ? ಇದೊಂದು ತಿಳಿಯದೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅದಕ್ಕೇ ಈ ಡ್ರಿಲ್ಲಿನ ಉಪಾಯ.

"ಆಯ್ತು ಬಿಡಿ," ಎಂದರು ಸಪ್ಪೆ ಮೋರೆ ಹಾಕಿಕೊಂಡು. "ಭಾನುವಾರ ಮಾಡ್ಕೊಡ್ತೀನಿ."

ಭಾನುವಾರ ಸುತ್ತಿಗೆಯಿಂದ ಪಿನ್ ಹೊಡೆದು ಹಳೆಯ ಹ್ಯಾಂಡಲ್ ಬಿಚ್ಚಿದರು. ಅಲ್ಲಿ ಉಳಿದ ಶಾಫ್ಟಿನ ತುದಿಗೆ ಬಿಗಿಯಾಗಿ ಕೂರುವಂಥ ಪೈಪಿನ ತುಂಡು ಕತ್ತರಿಸಿದರು. ಅದರ ಬಾಯಿಗೆ ದಪ್ಪ ಬೋಲ್ಟಿನ ತಲೆಯೊಂದನ್ನು ವೆಲ್ಡ್ ಮಾಡಬೇಕಿತ್ತು. ಡ್ರಿಲ್‌ಗೆ ಸಿಕ್ಕಿಸಿದ, ಬೋಲ್ಟ್ ತಿರುಗಿಸುವ ಸಾಕೆಟ್ ಆ ತಲೆಯನ್ನು ಕಚ್ಚಿಕೊಂಡರೆ ಆಯಿತು, ಡ್ರಿಲ್ ತಿರುಗಿದಂತೆ ಜ್ಯಾಕೂ ತಿರುಗುತ್ತದೆ.

"ಆ ಕಡೆ ತಿರುಗ್ಕೊಳ್ಳಿ. ನೋಡಬಾರದು."

"ನಿಮ್ಮನ್ನಾ?"

"ಬೆಂಕಿನ."

"ಹಾಗಾದ್ರೆ ನಿಮ್ಮನ್ನ ನೋಡಬಹುದು?"

ಅವರು ಥಟ್ಟನೆ ವೆಲ್ಡಿಂಗ್ ಮುಖವಾಡ ಇಳಿಸಿಕೊಂಡರು. ಕಿವಿಗಳು ಮಾತ್ರ ಹೊರಗಿದ್ದವು, ಇನ್ನೂ ಬೆಂಕಿ ಹತ್ತುವ ಮೊದಲೇ ಕೆಂಪಾಗಿದ್ದವು.

ಕಬ್ಬಿಣ ಆರಿದ ಮೇಲೆ ಅದನ್ನು ಶಾಫ್ಟಿಗೆ ಕೂರಿಸಿ ಪಿನ್ ಹೊಡೆದು, ಡ್ರಿಲ್ಲನ್ನು ನನ್ನ ಕೈಗೆ ಕೊಟ್ಟರು. "ಯಾವಾಗ್ಲೂ ನಿಧಾನದ ಗೇರಲ್ಲೇ ಇಡಿ. ಜ್ಯಾಕ್ ಕೊನೆ ಮುಟ್ಟಿದ್ರೆ ಡ್ರಿಲ್ ಒದೆಯುತ್ತೆ. ಎರಡೂ ಕೈಯಲ್ಲಿ ಹಿಡೀಬೇಕು, ಹೀಗೆ." ನನ್ನ ಎಡಗೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಪಕ್ಕದ ಹಿಡಿಯ ಮೇಲೆ ಇಟ್ಟರು. ಇಟ್ಟ ಮೇಲೂ ಅವರ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಗುಂಡಿ ಒತ್ತಿದೆ. ಗುರ್ ಎಂದಿತು ಡ್ರಿಲ್. ಅಷ್ಟು ದಿನ ಬೆವರು ಸುರಿಸಿಕೊಂಡು ಏರಿಸುತ್ತಿದ್ದ ಮೂತಿ ಹೂವು ಎತ್ತಿದಷ್ಟು ಸಲೀಸಾಗಿ ಏರಿತು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ಒಬ್ಬರ ಮುಖದಲ್ಲೂ ಸಂತೋಷವಿರಲಿಲ್ಲ.

"ಇನ್ನು ನಾನು ಬರೋ ಅವಶ್ಯಕತೆ ಇಲ್ಲ," ಎಂದರು.

ಹಾಗನ್ನಬೇಡಿ, ಬನ್ನಿ ಎನ್ನಬೇಕಿತ್ತು. "ಹೌದು, ತುಂಬಾ ಥ್ಯಾಂಕ್ಸ್," ಎಂದೆ. ನನ್ನ ಬಾಯಿ ಸುಡಲಿ.

ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ. ಶೆಡ್ಡಿನಿಂದ ಕಬ್ಬಿಣ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ನನ್ನ ಡ್ರಿಲ್ ಸದ್ದಾದರೂ ಅವರಿಗೆ ಕೇಳಲೆಂದು ಸುಮ್ಮಸುಮ್ಮನೆ ಮೂತಿಯನ್ನು ಏರಿಸಿದೆ, ಇಳಿಸಿದೆ, ಮತ್ತೆ ಏರಿಸಿದೆ. ಬ್ಯಾಟರಿ ಖಾಲಿಯಾಯಿತೇ ಹೊರತು ಯಾರೂ ತಲೆ ಹೊರಗೆ ಹಾಕಲಿಲ್ಲ.

ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗುತ್ತಿದ್ದೆ.

"ಏನೇ ಅದು, ಕಾಲು ಸುಟ್ಟ ಬೆಕ್ಕಿನ ಹಾಗೆ?" ಎಂದರು ಅಮ್ಮ.

"ಜ್ಯಾಕ್ ಚೆನ್ನಾಗಿ ಕೆಲಸ ಮಾಡ್ತಿದೆ ಅಮ್ಮಾ."

"ಅದಕ್ಕೆ ಅಳ್ತಾ ಇದ್ದೀಯಾ?"

"ಅಳ್ತಿಲ್ಲ. ಶಾಂಪೂ ಹೋಗಿದೆ ಕಣ್ಣಿಗೆ."

"ಆ ವೆಲ್ಡರ್ ಹುಡುಗನ್ನ ನೀನೇ ನೇರವಾಗಿ ಕೇಳಬಾರದಾ?"

"ಅವರು ಯಾರು ಏನು ಕೇಳಿದ್ರೂ ಹೂಂ ಅಂತಾರೆ. ಅದೇ ಕಷ್ಟ."

ಅಮ್ಮ ನನ್ನನ್ನೇ ನೋಡಿ ನಿಟ್ಟುಸಿರುಬಿಟ್ಟು ಒಲೆಯ ಕಡೆ ತಿರುಗಿದರು.

ಶುಕ್ರವಾರ ಸಂಜೆ ತೊಟ್ಟಿ ತೊಳೆಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ವೆಲ್ಡರ್! ಕೈಯಲ್ಲೊಂದು ಹಗ್ಗ, ಹಗ್ಗದ ತುದಿಯಲ್ಲೊಂದು ಬಿಳಿ ನಾಯಿ.

"ಇದಕ್ಕೆ ಸ್ನಾನ ಆಗಬೇಕಿತ್ತು."

"ಯಾರದು?"

"ನಂದೇ. ಅಂದ್ರೆ... ಹೊಸದು."

ಕರೆಯುವ ಮೊದಲೇ ನಾಯಿ ಹಳೆಯ ನೆಂಟನಂತೆ ಒಳಗೆ ನುಗ್ಗಿ ತೊಟ್ಟಿಗೆ ಹಾರಿ ಕೂತಿತು. ಮೈಮೇಲೆ ಒಂದು ಚೂರೂ ಕೊಳೆಯಿರಲಿಲ್ಲ, ಘಮಘಮ ಎನ್ನುತ್ತಿತ್ತು.

"ಇದು ಬೇಕರಿಯವರ ನಾಯಿ," ಎಂದೆ. "ಮಧ್ಯಾಹ್ನ ನಾನೇ ಸ್ನಾನ ಮಾಡಿಸಿದ್ದು. ಕುತ್ತಿಗೆಗೆ ಆ ನೀಲಿ ರಿಬ್ಬನ್ ಕಟ್ಟಿದ್ದೂ ನಾನೇ."

ಅವರು ರಿಬ್ಬನ್ ನೋಡಿದರು. ಅದು ಈವರೆಗೆ ಅವರ ಕಣ್ಣಿಗೇ ಬಿದ್ದಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಇನ್ನೊಂದ್ ಸಲ ಮಾಡಿಸಿದ್ರೆ ಆಗಲ್ವಾ?"

ನನಗೆ ನಗುವೂ ಬಂತು, ಸಿಟ್ಟೂ ಬಂತು. "ನಾಯಿ ಇಲ್ದೆ ಬರೋಕಾಗಲ್ವಾ ನಿಮಗೆ?"

"ಏನಂತ ಬರಲಿ?" ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಿಮ್ಮನ್ನ ನೋಡೋಕೆ ಅಂತ ಇದ್ದಿದ್ದು ಆ ಹ್ಯಾಂಡಲ್ ಒಂದೇ. ಅದನ್ನೂ ನನ್ನ ಕೈಯಿಂದಲೇ ಬಿಚ್ಚಿಸಿದ್ರಿ. ವೆಲ್ಡಿಂಗ್ ಮಾಡುವಾಗ ಒಂದ್ ಮನಸ್ಸು ಬಂತು, ಕೆಟ್ಟದಾಗಿ ಮಾಡ್ಬಿಡೋಣ, ವಾರವಾರ ಮುರೀತಾ ಇರ್ಲಿ ಅಂತ."

"ಯಾಕೆ ಮಾಡ್ಲಿಲ್ಲ?"

"ನಿಮ್ಮ ಭುಜ ನೋಯುತ್ತಲ್ವಾ?"

ಒದ್ದೆ ಕೈ ಒರೆಸಿಕೊಂಡು ಹೇಳಿದೆ. "ನೀವು ಊರಿಗೆಲ್ಲ ಸಹಾಯ ಮಾಡ್ತೀರಿ. ನಾನೂ ಆ ಸಾಲಲ್ಲೇ ನಿಂತಿರೋಳಾ ಅಂತ ಗೊತ್ತಾಗಬೇಕಿತ್ತು. ಕೆಲಸ ಇಲ್ದೇನೂ ಬರ್ತೀರಾ ಅಂತ ವಾರವೆಲ್ಲ ಕಾದೆ. ನೀವು ಬರಲೇ ಇಲ್ಲ."

ಅವರು ನನ್ನನ್ನೇ ನೋಡಿದರು. ಈ ಸಲ ಜ್ಯಾಕಿನ ಕಡೆ ತಿರುಗಿ ತಪ್ಪಿಸಿಕೊಳ್ಳಲಿಲ್ಲ.

"ಅಜ್ಜಿ ಗೇಟು ರಿಪೇರಿಗೆ ಹೋಗುವಾಗ ನಾನು ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗಲ್ಲ ಮೇಡಂ. ಬೆಳಿಗ್ಗೆ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕೋ ವೆಲ್ಡರ್‌ನ ಎಲ್ಲಾದ್ರೂ ನೋಡಿದ್ದೀರಾ? ನಂಗೆ ನೀವಂದ್ರೆ ಇಷ್ಟ. ತುಂಬಾ."

"ನಂಗೂ," ಎಂದೆ. ತೊಟ್ಟಿಯಲ್ಲಿದ್ದ ನಾಯಿ ಇಬ್ಬರ ಮುಖವನ್ನೂ ನೋಡಿ ಆಕಳಿಸಿತು.

"ನಾಳೆ ಬೆಳಿಗ್ಗೆ ಬನ್ನಿ," ಎಂದೆ ಮತ್ತೆ.

"ಏನು ಕೆಲಸ ಇದೆ?"

"ಏನೂ ಇಲ್ಲ."

ಮರುದಿನ ಬಂದರು. ನಾನು ಡ್ರಿಲ್ ಎತ್ತಿಕೊಂಡಾಗ ಅಭ್ಯಾಸಬಲದಿಂದ ಅವರ ಕೈ ಮುಂದೆ ಬಂತು. "ಊಹೂಂ, ಸುಮ್ನೆ ನಿಂತ್ಕೊಳ್ಳಿ," ಎಂದೆ. ನಿಂತರು. ಮೂತಿ ಏರಿತು. ಕಾರನ್ನು ಹಿಂದಕ್ಕೆ ತಂದು ಇಳಿದೆ, ಮೂತಿಯನ್ನು ಇಳಿಸಿ ಕೊಂಡಿಯ ಮೇಲೆ ಕೂರಿಸಿದೆ. ಎಲ್ಲ ಮುಗಿಯಿತು. ಅವರು ಇನ್ನೂ ಅಲ್ಲೇ ಇದ್ದರು, ಕೈಗೆ ಕೆಲಸವಿಲ್ಲದೆ ಅದನ್ನು ಒಮ್ಮೆ ಜೇಬಿಗೆ ಹಾಕುತ್ತ, ಒಮ್ಮೆ ಹೊರಗೆ ತೆಗೆಯುತ್ತ ಚಡಪಡಿಸುತ್ತಿದ್ದರು. ನಾನು ಡ್ರಿಲ್ ಕೆಳಗಿಟ್ಟು ಆ ಕೈಗೆ ನನ್ನ ಕೈ ಕೊಟ್ಟೆ. ಅವತ್ತು ಮೊದಲ ನಾಯಿಯ ಮನೆಗೆ ತಡವಾಗಿ ಹೋದೆ.